ಚಾಣದ ಗುರುತು

ಭೀಮಾ ಹೊಳೆಯ ದಂಡೆಗೆ, ಹೆದ್ದಾರಿಯ ಸೇತುವೆಗೆ ಹತ್ತಿಕೊಂಡಂತೆ, ಒಂದು ತಗಡಿನ ಶೆಡ್ಡು. ಲಾರಿಗಳು ಅಲ್ಲಿಗೆ ಬರುತ್ತವೆ, ಮೈಕೈ ನೋವೆಂದು ಒಂದೆರಡು ದಿನ ಮಲಗುತ್ತವೆ, ಎದ್ದು ಹೋಗುತ್ತವೆ. ಆ ಜಾಗಕ್ಕೆ ಆಶ್ರಮ ಅಂತ ಯಾರೂ ಅಂದದ್ದಿಲ್ಲ. ಅಂದಿದ್ದರೆ ಲಾಡ್ಲೇಸಾಬ ಉಸ್ತಾದರು ನಗುತ್ತಿದ್ದರೋ ಬಯ್ಯುತ್ತಿದ್ದರೋ, ಹೇಳಲಿಕ್ಕೆ ಬರುವುದಿಲ್ಲ.

ಉಸ್ತಾದರಿಗೆ ವಯಸ್ಸಾಗಿತ್ತು. ಜೀವಮಾನವಿಡೀ ಅವರು ಮಾಡಿದ್ದು ಒಂದೇ ಕೆಲಸ. ಲಾರಿಯ ಹೊಟ್ಟೆಯ ಕೆಳಗೆ ಉದ್ದಕ್ಕೆ ಒಂದು ಶಾಫ್ಟ್ ಇರುತ್ತದಲ್ಲ, ಅದರ ರಿಪೇರಿ.

ಮುಂದೆ ಗೇರ್ ಬಾಕ್ಸು, ಹಿಂದೆ ಗಾಲಿ. ನಡುವೆ ಎರಡು ದಪ್ಪ ಕಬ್ಬಿಣದ ಕೊಳವೆಗಳು ಒಂದರ ಹಿಂದೊಂದು ಸೇರಿಕೊಂಡು ಗರಗರ ತಿರುಗುತ್ತವೆ. ಎಂಜಿನ್ನಿನ ಕಸುವು ಗಾಲಿಗೆ ಮುಟ್ಟುವುದು ಅವುಗಳಿಂದಲೇ. ಎಂಜಿನ್ನನ್ನು ಎಲ್ಲರೂ ಹೊಗಳುತ್ತಾರೆ, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಶಾಫ್ಟನ್ನು ಬಗ್ಗಿ ನೋಡುವವರು ಕಡಿಮೆ.

ಶಿಷ್ಯನ ಹೆಸರು ಶಿವಪುತ್ರ. ಶಿಷ್ಯ ಅಂದರೆ ಹುಡುಗನಲ್ಲ. ಮೀಸೆಯಲ್ಲಿ ಬಿಳಿ ಇಣುಕಿದ್ದ ಗಂಡಸು. ಬಿಚ್ಚುವುದು, ಕೂಡಿಸುವುದು, ಗ್ರೀಸ್ ಹೊಡೆಯುವುದು, ಎಲ್ಲವೂ ಅವನದೇ. ಒಂದು ಕೆಲಸ ಮಾತ್ರ ಉಸ್ತಾದರು ಅವನಿಗೆ ಬಿಟ್ಟಿರಲಿಲ್ಲ.

ಅದು ಗುರುತು ಹೊಡೆಯುವ ಕೆಲಸ.

ಒಂದು ಕೊಳವೆಯ ತುದಿ ಇನ್ನೊಂದರ ಒಳಗೆ ಜಾರುವ ಜಾಗ ಒಂದಿದೆ. ಲಾರಿ ಕುಣಿದಾಗ ಶಾಫ್ಟು ತುಸು ಉದ್ದ ಆಗಬೇಕು, ತುಸು ಗಿಡ್ಡ ಆಗಬೇಕು, ಅದಕ್ಕೆ. ಅದನ್ನು ಬಿಚ್ಚುವ ಮೊದಲು ಉಸ್ತಾದರು ಸಣ್ಣ ಚಾಣ, ಅಂದರೆ ಕಬ್ಬಿಣಕ್ಕೆ ಹೊಡೆಯುವ ಉಳಿ, ಇಟ್ಟು, ಈ ಕಡೆ ಒಂದು ಚುಕ್ಕೆ, ಆ ಕಡೆ ಒಂದು ಚುಕ್ಕೆ ಹೊಡೆಯುತ್ತಿದ್ದರು. ಮತ್ತೆ ಕೂಡಿಸುವಾಗ ಚುಕ್ಕೆ ಚುಕ್ಕೆಯ ಮುಖ ನೋಡಬೇಕು. ಅಷ್ಟೇ.

ಯಾರ ಕೈಗೆ ಆ ಚಾಣ ಬರುತ್ತದೋ ಅವನು ಉಸ್ತಾದ. ಆ ಶೆಡ್ಡಿನ ಪದ್ಧತಿ ಅದು.

"ಈ ಸಲ ಖಂಡೆ ಪೂಜಾಕ್ಕ ಚಾಣ ನಿನಗ ಕೊಡ್ತೀನಿ. ಆಮ್ಯಾಲ ನಾ ಮನ್ಯಾಗ ಮಲಗಾಂವ," ಅಂದಿದ್ದರು ಉಸ್ತಾದರು.

ಶಿವಪುತ್ರ ಆ ದಿನಕ್ಕಾಗಿ ಕಾದಿದ್ದ. ಆದರೆ ಆ ದಿನ ಬಂದಾಗ ಅವನ ಮೈಯಲ್ಲಿ ಖುಷಿ ಇರಲಿಲ್ಲ. ದಣಿವಿತ್ತು. ಎಂಥ ದಣಿವು ಅಂದರೆ, ಹಾಸಿಗೆಯಿಂದ ಏಳುವಾಗಲೇ ಯಾರೋ ಬೆನ್ನ ಮೇಲೆ ಕೂತಂತೆ.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಬೆಳಿಗ್ಗೆ ಅವನು ಗುರುಪಾದಪ್ಪ ಸಾವ್ಕಾರರ ಲಾರಿಯ ಕೆಳಗೆ ಅಂಗಾತ ಮಲಗಿದ್ದ. ಕೈಯಲ್ಲಿ ಗ್ರೀಸ್ ಗನ್ನು. ಪೂಜೆಗೆ ಮುಂಚೆ ಲಾರಿಗೆ ಗ್ರೀಸ್ ಕಾಣಿಸಬೇಕೆಂಬುದು ಉಸ್ತಾದರ ಹಟ. ಅವರು ಪಕ್ಕದಲ್ಲೇ ಹಳೆಯ ಟೈರಿನ ಮೇಲೆ ಕೂತಿದ್ದರು.

"ಉಸ್ತಾದ್, ದಣಿವಾಗ್ಯದ್ರಿ," ಅಂದ ಶಿವಪುತ್ರ.

"ಕೆಲಸ ಮಾಡಿದ್ರ ದಣಿವು ಆಗ್ತದ."

"ಮಲಗಿ ಎದ್ರೂ ಹೋಗವಲ್ಲದ್ರಿ."

ಉಸ್ತಾದರು ಹೊಳೆಯ ಕಡೆ ನೋಡಿದರು. "ಗ್ರೀಸ್ ಹೊಡಿ," ಅಂದರು.

ಶಾಫ್ಟಿನ ತುದಿಗೆ ಎರಡು ಕಿವಿಗಳಿರುತ್ತವೆ. ಎದುರಿನ ತುದಿಗೂ ಎರಡು. ಆ ನಾಲ್ಕೂ ಕಿವಿಗಳ ನಡುವೆ ಅಡ್ಡಡ್ಡ ಕೂರುವ ತುಂಡಿಗೆ ಕ್ರಾಸ್ ಅನ್ನುತ್ತಾರೆ. ಲಾರಿ ತಗ್ಗಿಗೆ ಇಳಿದರೂ ದಿಬ್ಬ ಏರಿದರೂ ಶಾಫ್ಟು ಬಾಗುತ್ತ ತಿರುಗುವುದು ಆ ಕ್ರಾಸಿನಿಂದ. ಅದಕ್ಕೂ ನಾಲ್ಕು ತುದಿ. ನಾಲ್ಕೂ ತುದಿಗೆ ಗ್ರೀಸ್ ಬೇಕು.

ಶಿವಪುತ್ರ ಗನ್ನು ಒತ್ತಿದ. ಒಂದು ತುದಿಯಿಂದ ಹಳೆಯ ಕರಿ ಗ್ರೀಸ್ ಹೊರಗೆ ಬಂತು. ಹಿಂದೆಯೇ ಇನ್ನೆರಡು ತುದಿಯಿಂದಲೂ ಬಂತು.

"ಆಯ್ತ್ರಿ."

"ಎಷ್ಟು ಕಡೆ ಬಂತು?"

"ಮೂರು ಕಡೆ."

"ನಾಲ್ಕನೇದು?"

"ಮೂರು ಕಡೆ ಬಂತಂದ್ರ ಅದಕ್ಕೂ ಮುಟ್ಟಿರ್ತದ್ರಿ ಉಸ್ತಾದ್."

"ಬಾಯಿ ಬಿಡದಾವಂದು ಹೊಟ್ಟಿ ತುಂಬ್ಯದ ಅಂತ ನೀ ಹ್ಯಾಂಗ ಹೇಳ್ತಿ?"

ಶಿವಪುತ್ರ ಗನ್ನು ಕೆಳಗಿಟ್ಟ. ಆ ತುದಿಯ ಬೋಲ್ಟು ಸಡಿಲಿಸಿದ, ಶಾಫ್ಟನ್ನು ಹಿಂದೆ ಮುಂದೆ ಅಲ್ಲಾಡಿಸಿದ, ಮತ್ತೆ ಒತ್ತಿದ. ತೋಳು ಸೋಲುವವರೆಗೆ ಒತ್ತಿದ. ಕಡೆಗೆ ನಾಲ್ಕನೇ ತುದಿಯಿಂದ ಕೆಂಪು ಪುಡಿ ಉದುರಿತು, ತುಕ್ಕಿನ ಪುಡಿ. ಅದರ ಹಿಂದೆ ಗ್ರೀಸ್ ಬಂತು.

"ಇದೊಂದೇ ಸಾಕಾಗಿತ್ತು," ಅಂದರು ಉಸ್ತಾದರು. "ಮೂರು ಚಲೋ ಇದ್ರೂ ಇದೊಂದು ಮುರೀತಿತ್ತು. ಶಾಫ್ಟು ರಸ್ತೇಕ್ಕ ಬೀಳ್ತಿತ್ತು."

ಆಮೇಲೆ ಅವರು ಮೊಣಕಾಲು ಹಿಡಿದುಕೊಂಡು, ಅಲ್ಲಾ ಅಂತ ಉಸಿರು ಬಿಟ್ಟು, ತಾವೂ ಲಾರಿಯ ಕೆಳಗೆ ನುಸುಳಿದರು. ಆ ಶಾಫ್ಟು ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು. ಎರಡು ಕೊಳವೆ ಸೇರುವ ಜಾಗದ ಮೇಲೆ ಅವರು ಹೆಬ್ಬೆರಳು ಆಡಿಸಿದರು.

"ಬಣ್ಣ ಚಲೋ ಹಚ್ಚೀದಿ."

"ಹೂಂ ರಿ."

"ನನ್ನ ಗುರುತು ಎಲ್ಲಿ ಅದ?"

ಶಿವಪುತ್ರ ಗ್ರೀಸ್ ಗನ್ನು ಒರೆಸತೊಡಗಿದ. "ಬಣ್ಣದ ಕೆಳಗ ಅದರಿ," ಅಂದ.

ಹೆಬ್ಬೆರಳು ಇನ್ನೊಮ್ಮೆ ಅದೇ ಜಾಗದಲ್ಲಿ ನಿಧಾನಕ್ಕೆ ಹೋಗಿ ಬಂತು. ಉಸ್ತಾದರು ಹೊರಗೆ ನುಸುಳಿ ಎದ್ದು ಹೋದರು.

ಅಲ್ಲಿ ಏನಾಗಿತ್ತು ಅಂತ ಈಗಲೇ ಹೇಳಿಬಿಡಬೇಕು. ಮುಚ್ಚಿಟ್ಟುಕೊಂಡು ಕೂರುವ ಕೆಲಸ ಶಿವಪುತ್ರನೇ ಮಾಡಿದ್ದಾನೆ, ನಾವೂ ಮಾಡುವುದು ಬೇಡ.

ಮಳೆಗಾಲದ ಶುರುವಿಗೆ ಉಸ್ತಾದರು ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಆಗ ಇದೇ ಲಾರಿ ರಿಪೇರಿಗೆ ಬಂತು. ಶಿವಪುತ್ರ ಒಬ್ಬನೇ ಶಾಫ್ಟು ಬಿಚ್ಚಿದ. ಉಸ್ತಾದರು ಹಿಂದೆ ಹೊಡೆದ ಚುಕ್ಕೆ ಅದರ ಮೇಲಿದ್ದೇ ಇತ್ತು, ಹೊಸದು ಬೇಕಾಗಿರಲಿಲ್ಲ. ಆದರೆ ಅವನಿಗೆ ಒಂದು ಹುಮ್ಮಸ್ಸು ಬಂತು. ಉಸ್ತಾದರು ಬಂದು ನೋಡಿದಾಗ ಶಾಫ್ಟು ಮದುಮಗಳ ಹಾಗೆ ಕಾಣಬೇಕು ಅಂತ. ಸೀಮೆಎಣ್ಣೆಯಲ್ಲಿ ತೊಳೆದ, ತಂತಿ ಬ್ರಷ್ಷಿನಿಂದ ತಿಕ್ಕಿದ, ದಪ್ಪಗೆ ಕೆಂಪು ಬಣ್ಣ ಬಳಿದ.

ಸಂಜೆ ಕೂಡಿಸಲು ಕೂತಾಗ ಚುಕ್ಕೆ ಕಾಣಲಿಲ್ಲ.

ಇನ್ನೂ ಲಾರಿಗಳು ಸರದಿಯಲ್ಲಿ ನಿಂತಿದ್ದವು. ಅವನಿಗೆ ಸಾಕಾಗಿತ್ತು. ಈ ತುದಿಯ ಕಿವಿ ಆ ತುದಿಯ ಕಿವಿಗೆ ನೇರವಾಗಿ ಬಂದರೆ ಸರಿ ಅಂತ ಎಲ್ಲ ಮೆಕ್ಯಾನಿಕ್ಕರಿಗೂ ಗೊತ್ತು. ಕಣ್ಣಳತೆಯಲ್ಲಿ ಕಿವಿಗೆ ಕಿವಿ ಸೇರಿಸಿ ಜಾರಿಸಿಬಿಟ್ಟ. ನೋಡಲಿಕ್ಕೆ ಎಷ್ಟು ಚೆಂದ ಇತ್ತು.

ಆದರೆ ಕಿವಿಗೆ ಕಿವಿ ಎರಡು ರೀತಿಯಲ್ಲಿ ಸೇರುತ್ತದೆ. ಅರ್ಧ ಸುತ್ತು ತಿರುಗಿಸಿ ಹಾಕಿದರೂ ಸೇರುತ್ತದೆ. ಎರಡೂ ಕಣ್ಣಿಗೆ ಸರಿಯೇ. ಎರಡು ಕೊಳವೆಗಳ ತೂಕವನ್ನು ಜೋಡಿಯಾಗಿ ಸಮ ಮಾಡಿರುತ್ತಾರಲ್ಲ, ಆ ಜೋಡಿ ಒಂದೇ ರೀತಿಯಲ್ಲಿ ಸರಿ. ಅದು ಯಾವುದು ಅಂತ ಹೇಳುವುದು ಚುಕ್ಕೆ ಒಂದೇ.

ಶಿವಪುತ್ರ ಹಾಕಿದ್ದು ಇನ್ನೊಂದು ರೀತಿ.

ಲಾರಿ ಟಾಪ್ ಗೇರಿಗೆ ಬಂದ ಕೂಡಲೇ ನಡುಗತೊಡಗಿತು. ಅದರ ಡ್ರೈವರ್ ಯಲ್ಲಾಲಿಂಗ, ಶಹಾಬಾದ ಕಲ್ಲು ಹೇರಿಕೊಂಡು ಊರೂರು ತಿರುಗುವ ಐವತ್ತು ದಾಟಿದ ಮನುಷ್ಯ. ಅವನು ಬಂದು ಬಂದು ಹೇಳಿದ. ಶಿವಪುತ್ರ ಮೊದಲು ರಸ್ತೆ ಕೆಟ್ಟಿದೆ ಅಂದ. ಟೈರು ಸವೆದಿದೆ ಅಂದ. ಎರಡು ಕೊಳವೆಗಳ ನಡುವಿನ ಸೆಂಟರ್ ಬೇರಿಂಗು ಒಡೆಯಿತು, ಹೊಸದು ಹಾಕಿದ. ಅದೂ ಒಡೆಯಿತು. ಕೊನೆಗೆ, ಹೇಳಲಿಕ್ಕೆ ಇನ್ನೇನೂ ಉಳಿಯದೆ, ಒಂದು ಮಾತು ಅಂದುಬಿಟ್ಟ.

"ನಿಮ್ಮ ಕಾಲು ಭಾರ ಆಗ್ಯದ ಕಾಕಾ. ಕ್ಲಚ್ ಧಡಕ್ಕನೆ ಬಿಡ್ತೀರಿ."

ಆ ಮಾತು ಸಾವ್ಕಾರರ ಕಿವಿಗೆ ಹೋಯಿತು.

ಅದಾದ ಮೇಲೆ ಒಂದು ದಿನ ಬೇರೆ ಯಾವುದೋ ಲಾರಿಯ ಶಾಫ್ಟು ಕೂಡಿಸುವಾಗ, ಅದನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿ ಹಾಕಿ ನೋಡಿದ ಶಿವಪುತ್ರ. ಕಿವಿಗೆ ಕಿವಿ ಸೇರಿತು. ಎಲ್ಲ ಗೊತ್ತಾಯಿತು.

ಅವತ್ತೇ ಹೇಳಬಹುದಿತ್ತು. ಆದರೆ ಚಾಣ ಕೊಡುತ್ತೇನೆ ಅಂತ ಉಸ್ತಾದರು ಹೇಳಿ ಒಂದು ವಾರವೂ ಆಗಿರಲಿಲ್ಲ. ಪೂಜೆ ಮುಗಿಯಲಿ, ಆಮೇಲೆ ಯಾರಿಗೂ ತಿಳಿಯದ ಹಾಗೆ ತಿರುಗಿಸಿಬಿಟ್ಟರಾಯಿತು ಅಂದುಕೊಂಡ. ಅಂದಿನಿಂದ ಹಿಡಿದ ದಣಿವು ಅದು.

ಬಿಸಿಲೇರುವ ಹೊತ್ತಿಗೆ ಯಲ್ಲಾಲಿಂಗ ಬಂದ. ಒಂದು ಕೈಯಲ್ಲಿ ತೆಂಗಿನಕಾಯಿ, ಕುಂಬಳಕಾಯಿ ಇದ್ದ ಚೀಲ. ಇನ್ನೊಂದು ಕೈ ಸೊಂಟದ ಮೇಲೆ. ಲಾರಿಯ ನಡುಕ ಬೆನ್ನಿಗೆ ಇಳಿದಾಗಿನಿಂದ ಅವನು ಹಾಗೇ ನಡೆಯುತ್ತಿದ್ದ.

ಚೆಂಡು ಹೂವಿನ ಹಾರ ಬಿಚ್ಚಿ ಲಾರಿಯ ಮೂತಿಗೆ ಕಟ್ಟಿದ. ಕಟ್ಟಿದ ಮೇಲೂ ಅದನ್ನು ಸವರುತ್ತ ನಿಂತ.

"ತಮ್ಮಾ," ಅಂದ ಶಿವಪುತ್ರನಿಗೆ. "ಇವತ್ತ ಸಾವ್ಕಾರ್ರು ಕೀಲಿ ಬ್ಯಾರೆಯವ್ರಿಗೆ ಕೊಡ್ತಾರಂತ."

"ಯಾರು ಹೇಳಿದ್ರು ಕಾಕಾ?"

"ಅವ್ರೇ. ಹೊಸಾ ಡ್ರೈವರ್‌ನ ಕರ್ಕೊಂಡೇ ಬರ್ಲತ್ತಾರ." ಯಲ್ಲಾಲಿಂಗನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ತ್ರಾಣ ಬೇಕು. "ನೀ ಪಾಪ ಭಾಳ ಮಾಡಿದಿ. ನಂದೇ ಕಾಲು ಮಾತು ಕೇಳವಲ್ಲದು. ವಯಸ್ಸಾತು."

ಶಿವಪುತ್ರನಿಗೆ ಅವನ ಮುಖ ನೋಡಲು ಆಗಲಿಲ್ಲ. ಕುಂಬಳಕಾಯಿ ಎತ್ತಿಕೊಂಡು ಒಳಗೆ ಹೋದ.

ಒಳಗೆ ಹತ್ಯಾರಗಳನ್ನೆಲ್ಲ ತೊಳೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಬೋಲ್ಟು ತಿರುಗಿಸುವ ಪಾನಾ, ಸುತ್ತಿಗೆ, ಜಾಕು. ಒಂದೊಂದಕ್ಕೂ ಕುಂಕುಮ, ಒಂದೊಂದು ಹೂವು. ನಡುವೆ ಹಿತ್ತಾಳೆಯ ತಾಟು. ಲಾಡ್ಲೇಸಾಬರು ದಿನಾ ನಮಾಜು ಮಾಡುವವರು. ಆದರೂ ಈ ಒಂದು ದಿನ ಶೆಡ್ಡಿನಲ್ಲಿ ಪೂಜೆ ತಪ್ಪಿಸಿದವರಲ್ಲ. ಹುಡುಗರ ದುಡಿಮೆ, ಹುಡುಗರ ಹಬ್ಬ ಅನ್ನುತ್ತಿದ್ದರು.

ತಾಟಿನಲ್ಲಿ ಚಾಣ ಇತ್ತು. ಬಳಸಿ ಬಳಸಿ ಬೆರಳುದ್ದವಷ್ಟೇ ಉಳಿದಿತ್ತು.

ಸಾವ್ಕಾರರು ಬಂದರು. ಹಿಂದೆ ಹೊಸ ಡ್ರೈವರು, ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು. ಸಾವ್ಕಾರರು ಜೇಬಿನಿಂದ ಲಾರಿಯ ಕೀಲಿ ತೆಗೆದು ಅದೇ ತಾಟಿನಲ್ಲಿ, ಚಾಣದ ಪಕ್ಕಕ್ಕೆ, ಇಟ್ಟರು. ಪೂಜೆ ಆದ ಮೇಲೆ ಮಾಲಕರು ತಾಟಿನಿಂದ ಕೀಲಿ ಎತ್ತಿ ಯಾರಿಗೆ ಕೊಡುತ್ತಾರೋ, ಮುಂದಿನ ಪೂಜೆಯವರೆಗೆ ಲಾರಿ ಅವನದು. ಅದೂ ಅಲ್ಲಿಯ ಪದ್ಧತಿ.

ಆರತಿ ಆಯಿತು. ಕಾಯಿ ಒಡೆಯಿತು. ಶಿವಪುತ್ರ ಕಣ್ಣು ಮುಚ್ಚಿ ಕೈ ಮುಗಿದ. ಏನು ಬೇಡಿಕೊಳ್ಳಬೇಕು ಅಂತ ಅವನಿಗೆ ತಿಳಿಯಲಿಲ್ಲ.

"ಉಸ್ತಾದ್, ಮೊದಲು ನಿಮ್ಮದು ಆಗಲಿ," ಅಂದರು ಸಾವ್ಕಾರರು. "ಚಾಣ ಕೊಡ್ತೀರಂತಲ್ಲ ಇವತ್ತ."

"ಇಲ್ರಿ ಸಾವ್ಕಾರ್ರ. ಮೊದಲು ನಿಮ್ಮ ಕೀಲಿ. ಅದು ಆದ ಮ್ಯಾಲ ನಂದು."

ಸಾವ್ಕಾರರು ಕೀಲಿ ಎತ್ತಿದರು. ಯಲ್ಲಾಲಿಂಗ ನೆಲ ನೋಡಿದ.

"ಭಾಳ ವರ್ಷ ಇವಂಗೇ ಕೊಟ್ಟೀನಿ," ಅಂದರು ಸಾವ್ಕಾರರು, ಎಲ್ಲರಿಗೂ ಕೇಳುವ ಹಾಗೆ. ಅವರಿಗೂ ಕಷ್ಟ ಆಗುತ್ತಿತ್ತು. "ಮನಸ್ಸು ಒಪ್ಪವಲ್ಲದು, ಆದ್ರ ಏನ್ ಮಾಡ್ಲಿ? ಹಾಕಿದ ಬೇರಿಂಗ್ ಹಾಕಿದಂಗ ಒಡೀಲತ್ತಾವ. ಯಲ್ಲಾಲಿಂಗನ ಕಾಲು ಭಾರ ಆಗ್ಯದ ಅಂತ ನಿಮ್ಮ ಶಿವಪುತ್ರನೇ ಹೇಳ್ಯಾನ."

ಉಸ್ತಾದರು ಒಡೆದ ತೆಂಗಿನಕಾಯಿಯ ಚೂರು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೌದೇನೋ ಶಿವಪುತ್ರ?" ಅಂದರು.

ಅಷ್ಟೇ ಕೇಳಿದ್ದು.

ಊದುಬತ್ತಿಯ ಹೊಗೆ ಮೇಲೆ ಹೋಗುತ್ತಿತ್ತು. ಹೌದ್ರಿ ಅಂದರೆ ಮುಗಿಯಿತು. ಕೀಲಿ ಆ ಕೈಗೆ, ಚಾಣ ಈ ಕೈಗೆ. ಯಲ್ಲಾಲಿಂಗ ಶಿವಪುತ್ರನ ಕಡೆ ನೋಡುತ್ತಿದ್ದ. ಹೇಳು ತಮ್ಮಾ, ನಾನೇನೂ ಅನ್ನಂಗಿಲ್ಲ, ಅನ್ನುವ ಹಾಗಿತ್ತು ಆ ನೋಟ. ಅದನ್ನು ತಡೆದುಕೊಳ್ಳಲು ಶಿವಪುತ್ರನಿಗೆ ಆಗಲಿಲ್ಲ.

"ಅಲ್ಲರಿ," ಅಂದ.

"ಏನು ಅಲ್ಲ?" ಅಂದರು ಸಾವ್ಕಾರರು.

"ಕಾಕಾನ ಕಾಲು ಭಾರ ಆಗಿಲ್ಲರಿ. ಶಾಫ್ಟ್ ನಾನೇ ತಿರುಗಾಮುರುಗಾ ಕೂಡಿಸೀನಿ. ಚುಕ್ಕಿ ತಿಕ್ಕಿ ಅಳಿಸಿ, ಮ್ಯಾಲ ಬಣ್ಣ ಹಚ್ಚೀನಿ. ಅದಕ್ಕೇ ನಡುಗ್ಲತ್ತದ."

"ನಿನಗ ಯಾವಾಗ ಗೊತ್ತಾತು?"

"ಗೊತ್ತಾಗಿ ಭಾಳ ದಿನ ಆತ್ರಿ."

"ಮತ್ತ ಸುಮ್ನ ಯಾಕಿದ್ದಿ?"

ಶಿವಪುತ್ರ ತಾಟಿನ ಕಡೆ ನೋಡಿದ. "ಅದರ ಆಸೆಗೆ," ಅಂದ.

ಯಲ್ಲಾಲಿಂಗ ಸೊಂಟ ಹಿಡಿದುಕೊಂಡು ಮೆಲ್ಲಗೆ ಟೈರಿನ ಮೇಲೆ ಕೂತ. ತುಸು ಹೊತ್ತು ತನ್ನ ಎಡಗಾಲನ್ನೇ ನೋಡಿದ.

"ನಾ ಇಷ್ಟು ದಿನ ಈ ಕಾಲಿಗೆ ಬೈಲತ್ತಿದ್ದೆನೋ ತಮ್ಮಾ," ಅಂದ.

ಸಾವ್ಕಾರರು ಶಿವಪುತ್ರನಿಗೆ ಬಾಯಿಗೆ ಬಂದದ್ದೆಲ್ಲ ಅಂದರು. ಅಂದದ್ದು ತಪ್ಪಲ್ಲ. ಕೊನೆಗೆ ಕೀಲಿ ಮುಷ್ಟಿಯಲ್ಲೇ ಹಿಡಿದು, "ಇದು ಖರೇನೋ, ಮುದುಕನ ಮ್ಯಾಲಿನ ಮರುಕಕ್ಕ ಅಂದ ಮಾತೋ, ನನಗ ಹ್ಯಾಂಗ ಗೊತ್ತಾಗ್ಬೇಕು? ತಿರುಗಿಸಿ ತೋರಿಸ್ರಿ," ಅಂದರು.

"ಇವತ್ತ ಹೆಂಗ್ರಿ?" ಅಂದ ಹೊಸ ಡ್ರೈವರು. "ಪೂಜಾ ಆಗ್ಯದ. ಹತ್ಯಾರ ನಾಳಿತನಕ ಮುಟ್ಟಂಗಿಲ್ಲ."

ಅದೂ ನಿಜವೇ. ಪೂಜೆಗೆ ಇಟ್ಟ ಹತ್ಯಾರವನ್ನು ಆ ದಿನ ಯಾರೂ ಎತ್ತುವುದಿಲ್ಲ.

ಉಸ್ತಾದರು ಬಗ್ಗಿದರು. ಸಾಲಿನಲ್ಲಿದ್ದ ದೊಡ್ಡ ಪಾನಾ ಎತ್ತಿಕೊಂಡರು. ಅದರ ಮೇಲಿದ್ದ ಚೆಂಡು ಹೂವು ನೆಲಕ್ಕೆ ಬಿತ್ತು.

"ಹತ್ಯಾರಕ್ಕ ಪೂಜಾ ಆತು. ಲಾರಿಗೂ ಆತು," ಅಂದರು. "ಯಲ್ಲಾಲಿಂಗನ ಬೆನ್ನಿಗೆ ಯಾವಾಗ?"

ಪಾನಾ ಶಿವಪುತ್ರನ ಕೈಗೆ ಬಂತು. ಕುಂಕುಮ ಅವನ ಅಂಗೈಗೆ ಹತ್ತಿತು.

ಇಬ್ಬರೂ ಲಾರಿಯ ಕೆಳಗೆ ಹೋದರು. ಬೋಲ್ಟು ಬಿಚ್ಚಿದರು. ಸೆಂಟರ್ ಬೇರಿಂಗಿನ ರಬ್ಬರು ಚಿಂದಿಯಾಗಿ ನೇತಾಡುತ್ತಿತ್ತು. ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. ಉಸ್ತಾದರು ತಮ್ಮ ತಗಡಿನ ಪೆಟ್ಟಿಗೆಯ ತಳದಿಂದ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಬೇರಿಂಗು ತೆಗೆದುಕೊಟ್ಟರು.

ಹಿಂದಿನ ಕೊಳವೆಯನ್ನು ಶಿವಪುತ್ರ ಹೊರಗೆ ಜಗ್ಗಿದ. ಎದೆಯ ಮೇಲೆ ಭಾರ ಬಿತ್ತು. ಅದನ್ನು ಅರ್ಧ ಸುತ್ತು ತಿರುಗಿಸಿದ. ಹಲ್ಲಿಗೆ ಹಲ್ಲು ಕೂಡಿಸಿ ಒಳಗೆ ಜಾರಿಸಿದ.

ಕಿವಿಗೆ ಕಿವಿ ಸೇರಿತು. ಮೊದಲಿನ ಹಾಗೇ ಕಂಡಿತು.

"ಅವತ್ತ ಭಾಳ ದಣಿದಿದ್ನ್ರಿ ಉಸ್ತಾದ್," ಅಂದ ಅವನು, ಮಲಗಿದಲ್ಲಿಂದಲೇ.

ಉಸ್ತಾದರು ಬೋಲ್ಟು ಬಿಗಿಯಾಗಿದೆಯೋ ಇಲ್ಲವೋ ಅಂತ ಒಂದೊಂದನ್ನೇ ಕೈಯಿಂದ ಮುಟ್ಟಿ ನೋಡಿದರು.

ಯಲ್ಲಾಲಿಂಗ ಸ್ಟೇರಿಂಗಿಗೆ ಕೂತ. ಆ ಕಡೆಯ ಕಿಟಕಿಗೆ ಸಾವ್ಕಾರರು, ಇಬ್ಬರ ನಡುವೆ ಉಸ್ತಾದರು. ಶಿವಪುತ್ರ ಹಿಂದೆ ಹತ್ತಿ, ಖಾಲಿ ಲಾರಿಯ ನಡುಮಧ್ಯೆ, ಶಾಫ್ಟಿನ ನೇರಕ್ಕೆ ಮೇಲೆ, ಹಲಗೆಯ ಮೇಲೆ ಅಂಗೈ ಊರಿ ಕೂತ.

ಸೇತುವೆ ದಾಟಿತು. ಒಂದೊಂದೇ ಗೇರು ಏರಿತು. ಟಾಪ್ ಗೇರು ಬಿದ್ದ ಸಪ್ಪಳ ಅವನಿಗೆ ಕೇಳಿಸಿತು. ನಡುಕ ಇನ್ನು ಬರುತ್ತದೆ, ಇನ್ನು ಬರುತ್ತದೆ ಅಂತ ಕಾದ. ಹಲಗೆ ಸುಮ್ಮನಿತ್ತು. ರಸ್ತೆಯ ಕುಲುಕಾಟ ಬಿಟ್ಟರೆ ಬೇರೇನೂ ಇಲ್ಲ.

ಸ್ವಲ್ಪ ದೂರ ಹೋಗಿ ಲಾರಿ ನಿಂತಿತು. ಶಿವಪುತ್ರ ಹೆದರಿ ಕೆಳಗೆ ಜಿಗಿದು ಮುಂದಕ್ಕೆ ಓಡಿದ.

ಯಲ್ಲಾಲಿಂಗ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಉಸ್ತಾದರು ಸಾವ್ಕಾರರ ಭುಜಕ್ಕೆ ತಲೆ ಒರಗಿಸಿ, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದರು.

ಸಾವ್ಕಾರರು ಅಲ್ಲಾಡದೆ ಕೂತಿದ್ದರು. "ಕೀಲಿ ನಿನ್ನ ಹತ್ರಾನೇ ಇರ್ಲಿ ಯಲ್ಲಾಲಿಂಗ," ಅಂದರು, ಪಿಸುದನಿಯಲ್ಲಿ. "ಮೆಲ್ಲಕ ತಿರುಗಿಸ್ಕೋ. ಮುದುಕಂಗ ಎಚ್ಚರ ಆಗ್ತದ."

ಶೆಡ್ಡಿಗೆ ಬಂದು ಇಳಿದಾಗ ಸಾವ್ಕಾರರು ಶಿವಪುತ್ರನ ಕಡೆ ನೋಡಲಿಲ್ಲ. "ನಿಮ್ಮ ಶಿಷ್ಯನ ಮಾತು ನಿಮಗ ಬಿಟ್ಟಿದ್ದು ಉಸ್ತಾದ್. ನಾ ನಡುವೆ ಬರಂಗಿಲ್ಲ," ಅಂದು ಹೊಸ ಡ್ರೈವರನ್ನು ಕರೆದುಕೊಂಡು ಹೋದರು.

ಯಲ್ಲಾಲಿಂಗ ಉಳಿದ. ತೆಂಗಿನಕಾಯಿ ಬೆಲ್ಲ ಎಲ್ಲರಿಗೂ ಹಂಚಿದ. ಶಿವಪುತ್ರನ ಕೈಗೂ ಒಂದು ಚೂರು ಇಟ್ಟ, ಮುಖ ಬೇರೆ ಕಡೆ ಮಾಡಿಕೊಂಡು. ಆ ಚೂರನ್ನು ತಿನ್ನಲೂ ಆಗದೆ ಬಿಡಲೂ ಆಗದೆ ಶಿವಪುತ್ರ ಹಿಡಿದುಕೊಂಡೇ ನಿಂತ.

ಆಮೇಲೆ ಗೂಟಕ್ಕಿದ್ದ ತನ್ನ ಅಂಗಿ ತೆಗೆದುಕೊಂಡ. ಊಟದ ಡಬ್ಬಿ ತೆಗೆದುಕೊಂಡ. ಉಸ್ತಾದರ ಕಾಲು ಮುಟ್ಟಲು ಬಗ್ಗಿದ.

"ಎಲ್ಲಿಗೆ?"

"ಹೋಗ್ತೀನ್ರಿ. ಇನ್ನ ನನ್ನ ಮುಖ ನಿಮಗ ತೋರ್ಸಂಗಿಲ್ಲ."

"ಲಾರಿಗೆ ಗುರುತು ಯಾರು ಹೊಡೀತಾರ?"

"ನೀವು ಹೊಡೀರಿ ಉಸ್ತಾದ್."

ಉಸ್ತಾದರು ತಮ್ಮ ಬಲಗೈ ಮುಂದೆ ಚಾಚಿದರು. ಅದು ನಡುಗುತ್ತಿತ್ತು. ಶಿವಪುತ್ರ ಅದನ್ನು ದಿನಾ ನೋಡಿದ್ದ. ಇವತ್ತು ಕಣ್ಣಿಟ್ಟು ನೋಡಿದ.

"ಬೆಳಿಗ್ಗೆ ಬಟ್ಟು ಆಡ್ಸಿ ನೋಡ್ದೆ," ಅಂದರು ಉಸ್ತಾದರು. "ನನ್ನ ಚುಕ್ಕಿ ಬಣ್ಣದ ಕೆಳಗೇ ಇತ್ತು ಶಿವಪುತ್ರ. ಪೂರಾ ಅಳಿಸಿದ್ದಿಲ್ಲ. ಎರಡೂ ಒಂದರ ಮುಖ ಒಂದು ನೋಡ್ಲತ್ತಿದ್ದಿಲ್ಲ, ಅದೂ ತಿಳೀತು. ಆದ್ರ ಭಾಳ ಸಣ್ಣದಿತ್ತು. ನನ್ನ ಕೈಯಾಗ ಜೋರಿಲ್ಲ. ಹೊಡೆದದ್ದು ನಾನೇ, ನನಗೇ ಹುಡುಕಬೇಕಾತು."

"ತಪ್ಪು ನಿಮ್ಮದಲ್ಲರಿ."

"ನಂದು ನನಗ ಇರ್ಲಿ, ನಿಂದು ನಿನಗ ಇರ್ಲಿ. ಚುಕ್ಕಿ ಕಾಣದೇ ಹೋಗಿದ್ದು ದಣಿವು. ಬಾಯಿ ಮುಚ್ಕೊಂಡು ಕುಂತದ್ದು ದಣಿವಲ್ಲ."

ಶಿವಪುತ್ರ ತಲೆ ತಗ್ಗಿಸಿದ. ಹೊಳೆಯ ಕಡೆಯಿಂದ ಗಾಳಿ ಬಂದು ಪೂಜೆಯ ಹೂವುಗಳನ್ನು ಶೆಡ್ಡಿನ ತುಂಬ ಹರಡಿತ್ತು. ಯಲ್ಲಾಲಿಂಗ ಲಾರಿಯ ಬಾಗಿಲಿಗೆ ಒರಗಿ ಕೀಲಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ನಾಳೆ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಅವನು ಕಲ್ಲು ಹೇರಬೇಕು.

ಉಸ್ತಾದರು ತಾಟಿನಿಂದ ಚಾಣ ತೆಗೆದು, ಕುಂಕುಮವನ್ನು ತಮ್ಮ ಲುಂಗಿಗೆ ಒರೆಸಿ, ಶಿವಪುತ್ರನ ಕೈಗಿಟ್ಟರು. ಹಾರ ಇಲ್ಲ, ಆರತಿ ಇಲ್ಲ. ನೋಡಲು ಯಲ್ಲಾಲಿಂಗ ಒಬ್ಬನೇ.

"ಬೆಳಿಗ್ಗೆ ಎಲ್ಲಾರ ಮುಂದ ಕೊಡಲಿಲ್ಲ. ಈಗ ಯಾಕ್ರಿ?" ಅಂದ ಶಿವಪುತ್ರ.

"ಬೆಳಿಗ್ಗೆ ಕೊಟ್ಟಿದ್ರ ಅದನ್ನ ದೇವರ ಜಗಲಿ ಮ್ಯಾಲ ಇಟ್ಟು ಪೂಜಾ ಮಾಡ್ತಿದ್ದಿ. ಈಗ ಕೆಲಸಕ್ಕ ಹಚ್ತಿ."

ಶಿವಪುತ್ರ ಅಂಗಿ, ಡಬ್ಬಿ ಕೆಳಗಿಟ್ಟ. ಸುತ್ತಿಗೆ ಎತ್ತಿಕೊಂಡು ಲಾರಿಯ ಕೆಳಗೆ ನುಸುಳಿದ. ಕೊಳವೆ ಸೇರುವ ಜಾಗದಲ್ಲಿ ಬಣ್ಣ ಕೆರೆದ. ಬರೀ ಕಬ್ಬಿಣ ಕಂಡಿತು. ಉಸ್ತಾದರ ಹಳೆಯ ಚುಕ್ಕೆಗಳೆರಡೂ ಅಲ್ಲೇ ಇದ್ದವು, ಸಾಸಿವೆಯಷ್ಟು. ಈಗ ಒಂದರ ಮುಖ ಒಂದು ನೋಡುತ್ತಿದ್ದವು.

ಅವುಗಳ ಮೇಲೇ ಚಾಣ ಇಟ್ಟ. ಸುತ್ತಿಗೆ ಎತ್ತಿದವನು ಕೈ ತಡೆದ.

"ಎಷ್ಟು ಆಳ ಹೊಡೀಲ್ರಿ ಉಸ್ತಾದ್?"

ಉಸ್ತಾದರು ಆಗಲೇ ಟೈರಿನ ಮೇಲೆ ಕೂತು ಕಣ್ಣು ಮುಚ್ಚಿದ್ದರು.

"ದಣ್ದು ಬಂದಾವನ ಕಣ್ಣಿಗೂ ಕಾಣೂ ಹಂಗ ಹೊಡಿ," ಅಂದರು.